ಗಾಂಜಾ ಹೊಗೆ, ಸಿಗರೇಟ್ ಹೊಗೆ: ಶ್ವಾಸಕೋಶದ ಡಾಕ್ಟರನ್ನು ಕೇಳಿ

ವಿನಯ್: ಡಾಕ್ಟ್ರೇ, ಗಾಂಜಾದಲ್ಲಿ ನಿಕೋಟಿನ್ ಇಲ್ಲ. ಸಿಗರೇಟಿಗಿಂತ ವಾಸಿ ಅಲ್ವಾ?

ಡಾಕ್ಟರ್: ನಿಕೋಟಿನ್ ಚಟ ಹಿಡಿಸುತ್ತದೆ. ಶ್ವಾಸಕೋಶ ಕೆಡಿಸುವುದು ಹೊಗೆ. ಯಾವ ಎಲೆ ಸುಟ್ಟರೂ ಟಾರ್ ಅನ್ನುವ ಕಪ್ಪು ಅಂಟು ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ.

ಶೋಭಾ: ಸಾರ್, ನನ್ನ ತಮ್ಮನಿಗೆ 26 ವರ್ಷ. ಆರು ವರ್ಷದಿಂದ ದಿನಾ ಗಾಂಜಾ, ತಂಬಾಕು ಬೆರೆಸಿ ಸೇದುತ್ತಾನೆ. ನಿನ್ನೆ ರಾತ್ರಿ ದಮ್ಮು ಎಳೆದು ಹಿಡಿದಿದ್ದಾಗ ಬಲಗಡೆ ಎದೆಯಲ್ಲಿ ಚುಚ್ಚಿದಂತಾಯಿತಂತೆ. ಈಗ ನಾಲ್ಕು ಮೆಟ್ಟಿಲಿಗೇ ಏದುಸಿರು. ಗ್ಯಾಸ್ ಇರಬೇಕು ಅಂತ ಮಲಗಿದ್ದಾನೆ.

ಡಾಕ್ಟರ್: ಶೋಭಾ ಅವರೇ, ಅವನನ್ನು ಎಬ್ಬಿಸಿ. ಈಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಗಾಡಿ ಅವನು ಓಡಿಸುವುದು ಬೇಡ. ಎದೆಯ ಎಕ್ಸ್‌ರೇ ಆಗಬೇಕು. ಗಾಂಜಾ ವಿಷಯ ಅಲ್ಲಿ ಮುಚ್ಚಿಡಬೇಡಿ.

ನನ್ನ ಅನುಮಾನ ನ್ಯುಮೋಥೊರಾಕ್ಸ್. ಶ್ವಾಸಕೋಶದ ತುದಿಯಲ್ಲಿ ತೆಳು ಗುಳ್ಳೆಗಳಾಗಿ ಒಂದು ಒಡೆದರೆ ಗಾಳಿ ಹೊರಗೆ ಸೋರುತ್ತದೆ. ಎದೆಗೂಡಿನೊಳಗೆ ಆ ಗಾಳಿ ತುಂಬಿದಷ್ಟೂ ಶ್ವಾಸಕೋಶ ಮುದುಡುತ್ತದೆ. ಸಿಗರೇಟ್ ಸೇದುವವರಲ್ಲೂ ಇದನ್ನು ನೋಡುತ್ತೇವೆ. ಗಾಂಜಾದಲ್ಲಿ ಸೇದುವ ರೀತಿಯೇ ಬೇರೆ. ಜೋರಾಗಿ ಎಳೆಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಫಿಲ್ಟರ್ ಇರುವುದಿಲ್ಲ. 1988ರ ಒಂದು ಅಧ್ಯಯನದಲ್ಲಿ ಒಂದೇ ಗುಂಪಿನ ಗಂಡಸರಿಗೆ ಎರಡನ್ನೂ ಸೇದಿಸಿ ಅಳೆದಿದ್ದರು. ಗಾಂಜಾ ಹೊಗೆಯನ್ನು ಸುಮಾರು ನಾಲ್ಕು ಪಟ್ಟು ಹೆಚ್ಚು ಹೊತ್ತು ಹಿಡಿದರು, ಒಳಗೆ ಹೋದ ಟಾರ್ ಸುಮಾರು ಮೂರು ಪಟ್ಟು. ಹಿಡಿದರೆ ನಶೆ ಜಾಸ್ತಿ ಅನ್ನುವುದು ಭ್ರಮೆ. ನಶೆ ಕೊಡುವ ಅಂಶ ಕೆಲವೇ ಸೆಕೆಂಡಿನಲ್ಲಿ ರಕ್ತ ಸೇರುತ್ತದೆ, ಉಳಿಯುವುದು ಟಾರ್.

ಹೊರಟಿರಾ ಅಂತ ತಿಳಿಸಿ.

ಗುರುರಾಜ್: ಹತ್ತು ಸೆಕೆಂಡ್ ಉಸಿರು ಹಿಡಿದು ನೋಡಿ, ಕೆಮ್ಮು ಬರದಿದ್ದರೆ ಶ್ವಾಸಕೋಶ ಕ್ಲೀನ್. ಹಬೆ ತೆಗೆದುಕೊಂಡರೆ ಟಾರ್ ಕರಗುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಎದೆ ನೋವಿರುವ ಹುಡುಗನಿಗೆ ಉಸಿರು ಹಿಡಿ ಅನ್ನುತ್ತೀರಾ? ಹಬೆಗೆ ಟಾರ್ ಕರಗುವುದಿಲ್ಲ. ಬಿಸಿನೀರು ಚೆಲ್ಲಿ ಮೈ ಸುಡುತ್ತದೆ, ಅಷ್ಟೇ.

ಕಿರಣ್: 2012ರಲ್ಲಿ ಅಮೆರಿಕದಲ್ಲಿ ಐದು ಸಾವಿರ ಜನರನ್ನು 20 ವರ್ಷ ನೋಡಿದ್ದಾರೆ. ಗಾಂಜಾದಿಂದ ಶ್ವಾಸಕೋಶದ ಶಕ್ತಿ ಕಡಿಮೆ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಡಾಕ್ಟರ್: ಅದು ಅಪರೂಪಕ್ಕೆ ಸೇದುವವರ ಮಾತು. ದಿನಾ ಜಾಸ್ತಿ ಸೇದುವವರು ಅದರಲ್ಲಿ ಕಡಿಮೆ ಇದ್ದರು. ಪೂರ್ತಿ ಓದಿ.

ಮಂಜುಳಾ: ಕಿರಣ್, ನೀವೇ ಸೇದುತ್ತೀರಿ ಅನ್ನಿಸುತ್ತದೆ.

ಕಿರಣ್: ನಿಮ್ಮ ಯಜಮಾನರ ಸಿಗರೇಟ್ ಲೆಕ್ಕ ನಾನು ಕೇಳಿದೆನಾ ಮೇಡಂ?

ಮಂಜುಳಾ: ಬಿಟ್ಟು ಎರಡು ವರ್ಷ ಆಯಿತು. ನಾಲಿಗೆ ಹಿಡಿತದಲ್ಲಿರಲಿ.

ಪ್ರಕಾಶ್: ಕ್ಯಾನ್ಸರ್ ಯಾವುದರಿಂದ ಜಾಸ್ತಿ ಸಾರ್?

ಡಾಕ್ಟರ್: ತಂಬಾಕಿನದು 1950ರಿಂದಲೇ ಸಾಬೀತಾಗಿದೆ. ಗಾಂಜಾದ್ದು ಅಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ಹಾಗಂತ ಅದು ಸರ್ಟಿಫಿಕೇಟ್ ಅಲ್ಲ. ದಿನಾ ಸೇದಿದರೆ ಕೆಮ್ಮು, ಕಫ ಎರಡರಲ್ಲೂ ಇದೆ.

ವಿನಯ್: ಅಂದರೆ ಗಾಂಜಾ ವಾಸಿ ಅಂತಾಯಿತಲ್ಲ?

ಡಾಕ್ಟರ್: ಮೇಲೆ ಓದಿ.

ನವೀನ್: ಬಾಂಗ್, ಅಂದರೆ ನೀರಿನ ಮೂಲಕ ಹೊಗೆ ಎಳೆಯುವ ಕೊಳವೆಯಲ್ಲಿ ಹೊಗೆ ಸೋಸುತ್ತದಾ ಡಾಕ್ಟ್ರೇ?

ಗುರುರಾಜ್: ನಾವು ಒಳ್ಳೆಯದಕ್ಕೇ ಕಳಿಸಿದ್ದು. ಡಾಕ್ಟರಿಗೆ ಇಷ್ಟು ಗರ್ವ ಇರಬಾರದು.

ಡಾಕ್ಟರ್: ಶೋಭಾ ಅವರೇ, ಎಕ್ಸ್‌ರೇ ಆಯಿತಾ?

ಕಿರಣ್: ಸಿಗರೇಟ್ ಸೇದುವ ಡಾಕ್ಟರ್‌ಗಳೂ ಇದ್ದಾರೆ, ಅವರಿಗೆ ಯಾರೂ ಹೇಳುವುದಿಲ್ಲ.

ಡಾಕ್ಟರ್: ಶೋಭಾ ಅವರೇ?

ಶೋಭಾ: ಆಯಿತು ಸಾರ್. ಬಲಗಡೆ ಅರ್ಧ ಮುದುಡಿದೆಯಂತೆ. ಪಕ್ಕೆಯಲ್ಲಿ ಟ್ಯೂಬ್ ಹಾಕುತ್ತಿದ್ದಾರೆ. ತಮ್ಮ ನನ್ನ ಕೈ ಬಿಡುತ್ತಿಲ್ಲ, ಆಮೇಲೆ ಬರೆಯುತ್ತೇನೆ.

ನವೀನ್: ಬಾಂಗ್ ಬಗ್ಗೆ ಹೇಳಲೇ ಇಲ್ಲ ಸಾರ್.