ಸಹಾಯ ಬೇಕು: ನಮ್ಮ ಏರಿಯಾ ಹುಡುಗರ ರ‍್ಯಾಪ್‌ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಏರಿಯಾದಲ್ಲಿ ಹೊಡೆದಾಟ ಜಾಸ್ತಿ. ಅಲ್ಲೇ ಬೆಳೆದ ಕೆಲವು ಹುಡುಗರು ಸಂಜೆ ಹೊತ್ತು ಸೇರಿ ರ‍್ಯಾಪ್ ಬರೆಯುತ್ತಾರೆ. ಚೆನ್ನಾಗಿ ಬರೆಯುತ್ತಾರೆ, ಸುಮ್ನೆ ಹೊಗಳುತ್ತಿಲ್ಲ. ಹೊರಗಿನ ಗಲಾಟೆ ಕೇಳಿಸಬಾರದು ಅಂತ ರಗ್ಗು ಹೊದ್ದು, ಅದರೊಳಗೆ ಫೋನ್ ಹಿಡಿದು ರೆಕಾರ್ಡ್ ಮಾಡುತ್ತಾರೆ.

ತಲೆನೋವು ಇರುವುದು ಸಾಹಿತ್ಯದಲ್ಲಿ. ಒಬ್ಬ ಪಕ್ಕದ ಬೀದಿ ಹುಡುಗನ ಹೆಸರು ಹಿಡಿದೇ ಬೈದಿದ್ದಾನೆ. ಅಪ್‌ಲೋಡ್ ಮಾಡಿದರೆ ಅದಕ್ಕೆ ಉತ್ತರ ಹಾಡಿನಲ್ಲೇ ಬರುತ್ತೆ ಅನ್ನೋ ಗ್ಯಾರಂಟಿ ಏನು? ಅಮೆರಿಕದಲ್ಲಿ ರ‍್ಯಾಪ್ ಸಾಲುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸಿದ್ದಾರೆ. ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನೇ ತಂದಿತು. ಇದನ್ನು ಹೇಳಿದರೆ, "ಅಣ್ಣಾ, ನಿಜ ಬರೀಬೇಡ ಅಂತೀಯಾ?" ಅಂದ. ಅವನು ಕೇಳಿದ್ದೂ ಸರಿನೇ, ಅಲ್ವಾ? 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರ‍್ಯಾಪ್‌ನ ತವರಾದ ಹಿಪ್‌ಹಾಪ್ ಹುಟ್ಟಿದ್ದೂ ಇಂಥ ಬೀದಿಗಳಲ್ಲೇ. ನೋವು ಬರೆಯಲಿ, ಸಿಟ್ಟೂ ಬರೆಯಲಿ. ಯಾರು ಯಾರಿಗೆ ಎಲ್ಲಿ ಹೊಡೆದರು ಅನ್ನೋದು ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ.

ರ‍್ಯಾಪ್ ಬರೆಯುವವರು ಯಾರಾದರೂ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಇವರ ಜೊತೆ ಕೂರುತ್ತೀರಾ? ನನಗಿಂತ ನಿಮ್ಮ ಮಾತು ಕೇಳುತ್ತಾರೆ. ಆಮೇಲೆ, ಯೂಟ್ಯೂಬ್‌ನಲ್ಲಿ 'ಫ್ರೀ' ಅಂತ ಸಿಗುವ ಎಷ್ಟೋ ಬೀಟ್‌ಗಳು (ರ‍್ಯಾಪ್‌ನ ಹಿಂದೆ ಹಾಕುವ ಸಂಗೀತ) ದುಡ್ಡು ಮಾಡದ ಹಾಡಿಗೆ ಮಾತ್ರ ಫ್ರೀ. ಆ ಲೈಸೆನ್ಸ್ ಓದಿ ಇವರಿಗೆ ಅರ್ಥ ಮಾಡಿಸುವವರು ಬೇಕು. ಮನೆಯಲ್ಲಿ ಹಳೇ ಮೈಕ್ ಸುಮ್ನೆ ಬಿದ್ದಿದ್ದರೆ ಅದೂ ಆಗುತ್ತೆ.

ಕೆಲವರಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಹಾಗಾಗಿ ಹೆಸರು, ಜಾಗ ಇಲ್ಲಿ ಹಾಕುತ್ತಿಲ್ಲ. ದಯವಿಟ್ಟು ನನಗೆ ಮೆಸೇಜ್ ಮಾಡಿ.