ಆಟಿಸಂ ಇರೋ ತಮ್ಮ ಡಿಗ್ರಿಗೆ ಸೇರಿದಾನೆ, ಕಾಲೇಜಲ್ಲಿ ಎಂತೆಲ್ಲ ಕೇಳ್ಬೋದು?

ಶಿರಸಿಅಕ್ಕ:
ತಮ್ಮಂಗೆ ಆಟಿಸಂ ಅಂತ ಗೊತ್ತಾಗಿದ್ದೇ ಎಸ್ಸೆಸ್ಸೆಲ್ಸಿ ಆದ್ಮೇಲೆ, ಅಲ್ಲೀವರೆಗೆ ಊರವ್ರಿಗೆಲ್ಲ ಅವ ಮಾತು ಕಮ್ಮಿ, ಲೆಕ್ಕದಲ್ಲಿ ಹುಷಾರು, ಅಷ್ಟೇ. ಈಗ ಕಾರವಾರದಲ್ಲಿ ಬಿಎಸ್ಸಿ, ಹಾಸ್ಟೆಲಲ್ಲಿದಾನೆ. ಓದೋದ್ರಲ್ಲಿ ತೊಂದ್ರೆ ಇಲ್ಲ ಮಾರಾಯ್ರೆ, ಮೊನ್ನೆ ಇಂಟರ್ನಲ್ಸ್ ದಿನ ಬೆಳಿಗ್ಗೆ ರೂಮ್ ಬದಲಾಯಿಸಿದ್ರಂತೆ, ಇವ ಹಳೇ ರೂಮಿನ ಬಾಗಿಲಲ್ಲೇ ಮುಕ್ಕಾಲು ತಾಸು ನಿಂತಿದ್ದ, ಯಾರನ್ನೂ ಕೇಳ್ಲಿಲ್ಲ. "ಬಾಯಿಲ್ವಾ ನಿಂಗೆ" ಅಂದ್ರಂತೆ ಲೆಕ್ಚರರ್. ಅವತ್ತಿಂದ ಕ್ಲಾಸಿಗೇ ಹೋಗ್ತಿಲ್ಲ. ಅಪ್ಪ ಕರ್ಕಂಡೇ ಬಂದ್ಬಿಡುವ, ತೋಟ ನೋಡ್ಕಂಡಿರ್ಲಿ ಅಂತಿದಾರೆ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಮಾಡ್ಸಿಲ್ಲ, ಹಣೆಪಟ್ಟಿ ಆಗ್ತದೆ ಅಂತ ಅಮ್ಮಂಗೆ ಹೆದ್ರಿಕೆ.

ಪಾಠದಮೇಡಂ:
ಕಾರ್ಡ್ ಮಾಡ್ಸಿ, ಅಮ್ಮನ್ನ ನೀವೇ ಒಪ್ಸಿ. ಅಂಗವಿಕಲರ 1995ರ ಕಾಯ್ದೆಲಿ ಆಟಿಸಂ ಹೆಸ್ರೇ ಇರ್ಲಿಲ್ಲ, 2016ರದ್ರಲ್ಲಿ 21 ಅಂಗವೈಕಲ್ಯದಲ್ಲಿ ಇದೂ ಒಂದು. ಕಾರ್ಡಿಗೆ ಸರ್ಕಾರದ ಸ್ವಾವಲಂಬನ್ ವೆಬ್‌ಸೈಟಲ್ಲಿ ಅರ್ಜಿ ಹಾಕಿದ್ಮೇಲೆ ಸರ್ಕಾರಿ ಆಸ್ಪತ್ರೆಲಿ ನೋಡಿ ಸರ್ಟಿಫಿಕೇಟ್ ಕೊಡ್ತಾರೆ, ಅದ್ರಲ್ಲಿ ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಬಂದ್ರೆ 3 ತಾಸಿನ ಪರೀಕ್ಷೆಗೆ 1 ತಾಸು ಹೆಚ್ಚಿಗೆ ಕೇಳ್ಬೋದು. ಆದ್ರೆ ಆ ತಾಸು ಸಿಕ್ಕಿದ್ರೂ ನಿಮ್ಮ ತಮ್ಮ ಬಾಗಿಲಲ್ಲೇ ನಿಂತಿರ್ತಿದ್ದ ಅಲ್ದಾ? ಅದಕ್ಕೇ ಕಾರ್ಡಿಗೆ ಕಾಯ್ಬೇಡಿ, ಪ್ರಿನ್ಸಿಪಾಲ್ರಿಗೆ ಈಗ್ಲೇ ಬರೆದು ಕೊಡಿ. ರೂಮು ಟೈಮು ಬದಲಾದ್ರೆ ಹಿಂದಿನ ದಿನವೇ ಅವನ ಮೊಬೈಲಿಗೆ ಮೆಸೇಜ್ ಬರ್ಬೇಕು, ಪರೀಕ್ಷೆಗೆ ಗದ್ದಲ ಇಲ್ಲದ ಸಣ್ಣ ರೂಮು ಬೇಕು, ಎಂತ ಆದ್ರೂ ಹೋಗಿ ಹೇಳೋಕೆ ಒಬ್ರೇ ಒಬ್ರು ಲೆಕ್ಚರರ್ ಇರ್ಬೇಕು ಅಂತ. ಇನ್ವರ್ಡ್ ನಂಬರ್ ಹಾಕ್ಸಿ ಕಾಪಿ ಇಟ್ಕಳಿ, ನಮ್ಮ ಆಫೀಸುಗಳು ಗೊತ್ತಲ್ಲ.

ಘಟ್ಟದಕೆಳಗೆ:
ಮಾರ್ಕ್ಸ್ ಚೊಲೋ ಬಂದವ್ನಿಗೆ ಎಂತ ಆಟಿಸಂ? ಈಗ ನಾಚಿಕೆ ಸ್ವಭಾವಕ್ಕೂ ಒಂದು ಇಂಗ್ಲಿಷ್ ಹೆಸ್ರು.

ಹೊನ್ನಾವರಹುಡುಗ:
@ಘಟ್ಟದಕೆಳಗೆ ನಂಗೂ ಆಟಿಸಂ, ಎಂಎಸ್ಸಿ ಮುಗಿಸಿದೇನೆ. ಇಂಟಿಗ್ರೇಶನ್ ಸಲೀಸು, ಮೆಸ್ಸಲ್ಲಿ ಯಾರ ಪಕ್ಕ ಕೂರೋದು ಅನ್ನೋದೇ ದೊಡ್ಡ ಲೆಕ್ಕ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಬಿದ್ರೆ ಸರ್ ಹೇಳಿದ್ದು ಒಂದಕ್ಷರ ತಲೆಗೆ ಹೋಗ್ತಿರ್ಲಿಲ್ಲ, ಬೇರೆಯವ್ರು ಆರಾಮ ನೋಟ್ಸ್ ಬರ್ಕಳ್ತಿದ್ರು.
ಅಕ್ಕಾ, ಒಂದು ಮಾತು. "ಡೌಟ್ ಇದ್ರೆ ಯಾವಾಗ ಬೇಕಾದ್ರೂ ಬಾ" ಅಂದ ಸರ್ ಹತ್ರ ಮೂರು ವರ್ಷದಲ್ಲಿ ಒಂದ್ಸಲನೂ ಹೋಗ್ಲಿಲ್ಲ ನಾನು. "ಗುರುವಾರ ಮೂರು ಗಂಟೆಗೆ ಬಾ" ಅಂದ ಮೇಡಂ ಹತ್ರ ಒಂದ್ ವಾರನೂ ತಪ್ಸಿಲ್ಲ. ಮತ್ತೆ ಕ್ಲಾಸಲ್ಲಿ ಎಲ್ಲರೆದುರು "ಇವನಿಗೆ ಹಿಂಗಿದೆ, ಸಹಾಯ ಮಾಡಿ" ಅಂತ ಮಾತ್ರ ಹೇಳ್ಸಬೇಡಿ, ಅವನನ್ನೇ ಕೇಳಿ ಮೊದ್ಲು.

ಶಿರಸಿಅಕ್ಕ:
ಫೋನಲ್ಲಿ ಎಲ್ಲ ಓದಿ ಹೇಳ್ದೆ. ಎಂತನೂ ಅನ್ಲಿಲ್ಲ, ಗುರುವಾರದ್ದು ಮಾತ್ರ ಇನ್ನೊಂದ್ಸಲ ಓದು ಅಂದ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡ್ತೇನೆ, ಅರ್ಜಿ ಬರ್ದಾಯ್ತು. ಮೇಡಂ, ಆಸ್ಪತ್ರೆಗೆ ಹಳೇ ರಿಪೋರ್ಟ್ ಬೇಕಾ?

ಪಾಠದಮೇಡಂ:
ಇದ್ದದ್ದೆಲ್ಲ ತಗೊಂಡು ಹೋಗಿ, ಜೆರಾಕ್ಸ್ ಎರಡೆರಡು. ಯಾವ ದಿನ, ಎಷ್ಟೊತ್ತಿಗೆ ಅಂತ ಅವಂಗೆ ಮೊದ್ಲೇ ಹೇಳಿಡಿ.