ಗಣಿ ಅಹವಾಲು ಸಭೆ ಇದೆ, ಅಲ್ಲಿ ಆಡಿದ ಮಾತು ಮುಂದೆ ಕೋರ್ಟಿನಲ್ಲಿ ನಿಲ್ಲುತ್ತಾ?

ಪ್ರಶ್ನೆ: ಸಂಡೂರಿನವಳು

ನಮ್ಮದು ಸಂಡೂರು ತಾಲ್ಲೂಕು. ಊರ ಹಿಂದಿನ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ ಇದೆ. ಅದನ್ನು ಇನ್ನೂ ದೊಡ್ಡದು ಮಾಡಲು ಕಂಪನಿಯವರು ಅರ್ಜಿ ಹಾಕಿದ್ದಾರೆ. ಮುಂದಿನ ತಿಂಗಳು ಪರಿಸರ ಅಹವಾಲು ಸಭೆ ಅಂತ ಪೇಪರಿನಲ್ಲಿ ಬಂದಿದೆ.

ಅಪ್ಪನ ಮೂರು ಎಕರೆ ಮೆಕ್ಕೆಜೋಳದ ಹೊಲ ಟಿಪ್ಪರ್ ಓಡಾಡುವ ರಸ್ತೆಗೆ ತಾಗಿಕೊಂಡೇ ಇದೆ. ಗರಿಯ ಮೇಲೆಲ್ಲ ಕೆಂಪು ಧೂಳು. ಆ ಮೇವು ಹಾಕಿದರೆ ಎಮ್ಮೆ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಜೋರು ಮಳೆ ಬಂದರೆ ಡಂಪಿನ, ಅಂದರೆ ಗಣಿಯವರು ಸುರಿದ ತ್ಯಾಜ್ಯ ರಾಶಿಯ ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಆದರೆ ನಮ್ಮಣ್ಣ ಅದೇ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಮನೆ ನಡೆಯುವುದು ಅವನ ಸಂಬಳದಲ್ಲೇ.

"ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ಸುಮ್ನೆ ಯಾಕೆ ಹೋಗ್ತೀಯ" ಅಂತಾರೆ ಊರಲ್ಲಿ. ನನಗೆ ತಿಳಿಯಬೇಕಾದ್ದು ಇಷ್ಟೇ. ಇಂಥ ವಿಷಯ ಸುಪ್ರೀಂ ಕೋರ್ಟಿಗೋ ಎನ್‌ಜಿಟಿಗೋ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೋದಾಗ ಅವರು ಏನನ್ನು ನೋಡಿ ತೂಗುತ್ತಾರೆ? ನಮ್ಮ ಹೊಲ, ಅಣ್ಣನ ಕೆಲಸ, ಗುಡ್ಡ, ಇವು ಮೂರೂ ಅವರ ಕಣ್ಣಿಗೆ ಬೀಳುತ್ತವಾ?

ಉತ್ತರ: ಹೊಸಪೇಟೆ ಲಾರಿ

ತಂಗಿ, 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿ ನಿಂತಾಗ ನನ್ನ ಹತ್ತಿರ ಎರಡು ಲಾರಿ ಇದ್ದವು. ಎರಡಕ್ಕೂ ಸಾಲ ಇತ್ತು. ಒಂದನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಅದಕ್ಕೂ ಮುಂಚೆ ಗಣಿಗಳಲ್ಲಿ ನಡೆದದ್ದು ಲೂಟಿ, ಅದನ್ನು ನಾನೂ ಒಪ್ತೀನಿ. ಆದರೆ ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿಯವನು, ಇವರ ಪಾಡೇನು ಅಂತ ಯಾರೂ ಕೇಳಲಿಲ್ಲ. ಕೋರ್ಟಿಗೆ ಗುಡ್ಡ ಕಂಡಿತು, ನಾವು ಕಾಣಲಿಲ್ಲ. ಸಭೆಗೆ ಹೋಗು. ಆದರೆ ನಿಮ್ಮಣ್ಣನ ಕೆಲಸದ ಮಾತನ್ನೂ ಆಡು.

ಉತ್ತರ: ಬಳ್ಳಾರಿ ವಕೀಲ

ಅಮ್ಮಾ, ನಾನು ಪರಿಸರದ ಕೇಸುಗಳನ್ನು ನಡೆಸುತ್ತೇನೆ. ನಿಮ್ಮ ಪ್ರಶ್ನೆಗೆ ನಮ್ಮ ಜಿಲ್ಲೆಯ ಕೇಸಿನಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಆಮೇಲೆ ಕೋರ್ಟು ಮಾಡಿಸಿದ ಮೊದಲ ಕೆಲಸ ಅಳತೆ. ಯಾರ ಗುತ್ತಿಗೆಯ ಗಡಿ ಎಲ್ಲಿದೆ, ಎಷ್ಟು ದಾಟಿ ಅಗೆದಿದ್ದಾರೆ ಅಂತ ಜಂಟಿ ತಂಡ ಸರ್ವೆ ಮಾಡಿತು. ಅದನ್ನು ನೋಡಿ, ಕೋರ್ಟಿಗೆ ವರದಿ ಕೊಡುವ ಕೇಂದ್ರ ಉನ್ನತಾಧಿಕಾರ ಸಮಿತಿ 166 ಗಣಿ ಗುತ್ತಿಗೆಗಳನ್ನು ಮೂರು ವರ್ಗ ಮಾಡಿತು. ಎ ವರ್ಗದಲ್ಲಿ 45, ಬಿ ವರ್ಗದಲ್ಲಿ 72, ಸಿ ವರ್ಗದಲ್ಲಿ 49. ಹೆಚ್ಚು ತಪ್ಪು ಮಾಡದವರು ಎ. ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ಜಾಗದ ನೂರಕ್ಕೆ 10ರ ಒಳಗೆ, ಡಂಪು 15ರ ಒಳಗೆ ಇದ್ದರೆ ಬಿ. ಅದನ್ನೂ ಮೀರಿದ್ದರೆ ಸಿ. ಬಿ ವರ್ಗದವರು ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಡಂಪಿಗೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕಾಯಿತು. ಸಿ ವರ್ಗದ ಗುತ್ತಿಗೆಗಳು ರದ್ದಾದವು.

ಲಾರಿ ಅಣ್ಣನವರಿಗೂ ಒಂದು ಮಾತು. ನಿಮ್ಮ ನೋವು ದೊಡ್ಡದು, ಆದರೆ ಕೋರ್ಟು ಗುಡ್ಡವನ್ನು ಮಾತ್ರ ನೋಡಲಿಲ್ಲ. ಉಕ್ಕಿನ ಕಾರ್ಖಾನೆಗಳು ನಿಲ್ಲಬಾರದು ಅಂತ ತಿಂಗಳಿಗೆ 10 ಲಕ್ಷ ಟನ್ ಅದಿರು ತೆಗೆಯಲು ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ 2011ರ ಆಗಸ್ಟ್‌ನಲ್ಲೇ ಬಿಟ್ಟಿತು. ಅಲ್ಲಲ್ಲಿ ರಾಶಿ ಬಿದ್ದಿದ್ದ ಅದಿರನ್ನು ಇ-ಹರಾಜಿನಲ್ಲಿ ಮಾರಿಸಿತು. 2012ರಲ್ಲಿ ಎ ವರ್ಗದ ಕೆಲವು ಗಣಿಗಳು ಮತ್ತೆ ಶುರುವಾದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ವರ್ಷಕ್ಕೆ ಮೂರು ಕೋಟಿ ಟನ್ ಮಿತಿ ಬಂತು. ಅದರಲ್ಲಿ ಬಳ್ಳಾರಿಗೆ ಎರಡೂವರೆ ಕೋಟಿ. ಮುಂದಿನ ತಲೆಮಾರಿಗೂ ಅದಿರು ಉಳಿಯಬೇಕು ಅನ್ನುವುದು ಇದರ ಹಿಂದಿನ ಯೋಚನೆ. ಆ ಮಿತಿ ಆಮೇಲೆ ಏರಿತು. 2022ರಲ್ಲಿ ಮೂರೂ ಜಿಲ್ಲೆ ಸೇರಿ 5 ಕೋಟಿ ಟನ್ ಆಯಿತು.

ಹಾಗಾದರೆ ಜನ ಎಲ್ಲಿ? ಇಲ್ಲೇ ನನಗೆ ಸಂಕಟ ಆಗುವುದು. ಅದೇ 2013ರ ಏಪ್ರಿಲ್ 18ರಂದು ಅದೇ ಮೂವರು ನ್ಯಾಯಮೂರ್ತಿಗಳು, ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್, ಒಡಿಶಾದ ನಿಯಮಗಿರಿಯ ತೀರ್ಪನ್ನೂ ಕೊಟ್ಟರು. ಅಲ್ಲಿ ಬಾಕ್ಸೈಟ್ ಗಣಿ ಬರಬೇಕಿತ್ತು. ಗುಡ್ಡದ ಮೇಲೆ ನಿಮ್ಮ ಹಕ್ಕೇನು, ದೇವರ ಜಾಗ ಯಾವುದು ಅಂತ ಗ್ರಾಮಸಭೆಗಳನ್ನೇ ಕೇಳಿ ಅಂದಿತು ಕೋರ್ಟು. 12 ಹಳ್ಳಿಗಳ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಆ ಗುಡ್ಡದ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂಡರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಬಾಗಿಲು ತೆರೆದಿತ್ತು, ಅದರಿಂದ ಅವರ ಮಾತು ಒಳಗೆ ಹೋಯಿತು. ನಮ್ಮಲ್ಲಿ ಕೇಸು ಇದ್ದದ್ದು ಗಡಿ, ಅರಣ್ಯ, ಅಕ್ರಮ ಸಾಗಣೆಯ ಮೇಲೆ. ಹಳ್ಳಿಯವರನ್ನು ಕೂರಿಸಿ ಕೇಳುವ ಸಂದರ್ಭವೇ ಬರಲಿಲ್ಲ. ಹೆಕ್ಟೇರಿನ ಲೆಕ್ಕ ಫೈಲಿನಲ್ಲಿತ್ತು, ಅದು ತೂಕಕ್ಕೆ ಬಂತು. ನಿಮ್ಮ ಅಪ್ಪನಂಥವರ ಹೊಲದ ಲೆಕ್ಕ ಅಲ್ಲಿರಲಿಲ್ಲ.

ಅದರ ಫಲ ಕಣ್ಣೆದುರೇ ಇದೆ. ಗಣಿ ಬಾಧಿತ ಪ್ರದೇಶವನ್ನು ಸರಿಪಡಿಸಲು ಅದಿರು ಮಾರಿದ ಹಣದಲ್ಲಿ ಪಾಲು ತೆಗೆದಿಡಿಸಿದರು. 2014ರಲ್ಲಿ ಅದಕ್ಕೆಂದೇ ಒಂದು ನಿಗಮವೂ ಬಂತು. ಆದರೆ ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಒಪ್ಪಿಗೆ ಸಿಕ್ಕಿ, ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ್ ರೆಡ್ಡಿಯವರು ಬರುವ ಹೊತ್ತಿಗೆ 2022. ಧೂಳು ಕುಡಿದ ಊರುಗಳು ಅಷ್ಟು ವರ್ಷ ಕಾದವು. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ವಿಷಯ.

ನಿಮಗೆ ಕಾನೂನು ತೆರೆದಿರುವ ಬಾಗಿಲು ಈ ಅಹವಾಲು ಸಭೆ. ದಯವಿಟ್ಟು ತಪ್ಪಿಸಬೇಡಿ.

ಉತ್ತರ: ಕಳಸದಿಂದ

ನಮ್ಮ ಕಡೆಯ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯ ಮಾತನ್ನೂ ಸೇರಿಸುತ್ತೇನೆ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ಗಣಿ ನಿಲ್ಲಿಸಲು ಹೇಳಿತು. ಆದರೆ 2005ರ ಕೊನೆಯವರೆಗೆ ಸಮಯ ಕೊಟ್ಟಿತು. ಭದ್ರಾ ನದಿಗೆ ಸೇರುತ್ತಿದ್ದ ಹೂಳು ಅಲ್ಲಿ ದೊಡ್ಡ ವಿಷಯವಾಗಿತ್ತು. ಆ ಹೂಳನ್ನು ಅಳೆದವರು ಇದ್ದರು ಅನ್ನೋದು ಮುಖ್ಯ. ಊರು ಖಾಲಿಯಾಗಿದ್ದು ನಿಜ. ಆದರೂ ಹೊಳೆ ನೋಡಿದಾಗ ನಿಂತದ್ದೇ ಒಳ್ಳೆಯದಾಯ್ತು ಅನಿಸುತ್ತದೆ ನನಗೆ.

ಸಂಡೂರಿನವಳು

ಎಲ್ಲರಿಗೂ ಥ್ಯಾಂಕ್ಸ್. ವಕೀಲ ಸರ್, ಸಭೆಯಲ್ಲಿ ಏನು ಹೇಳಬೇಕು? ಅಣ್ಣನಿಗೆ ತೊಂದರೆ ಆಗದ ಹಾಗೆ ಮಾತಾಡೋದು ಸಾಧ್ಯಾನಾ?

ಉತ್ತರ: ಬಳ್ಳಾರಿ ವಕೀಲ

ಸಾಧ್ಯ. ಗಣಿ ಬೇಕು ಅಥವಾ ಬೇಡ ಅಂತಲೇ ಹೇಳಬೇಕು ಅಂತೇನಿಲ್ಲ. ಡಂಪಿಗೆ ತಡೆಗೋಡೆ ಕಟ್ಟಿ, ಟಿಪ್ಪರಿಗೆ ಬೇರೆ ರಸ್ತೆ ಮಾಡಿ, ಹೊಲದ ಹತ್ತಿರದ ರಸ್ತೆಗೆ ನೀರು ಹೊಡೆಸಿ ಅಂತ ಷರತ್ತು ಕೇಳಬಹುದು. ಇದರಿಂದ ಡ್ರೈವರುಗಳ ಕೆಲಸ ಹೋಗುವುದಿಲ್ಲ. ಅವರ ಪುಪ್ಪುಸಕ್ಕೂ ಒಳ್ಳೆಯದು. ಅಣ್ಣನ ಹೆಸರು ಎತ್ತಬೇಡಿ, ಅಪ್ಪನ ಹೆಸರಲ್ಲೇ ಅರ್ಜಿ ಕೊಡಿ.

ಮೊದಲು ಪರಿಸರ ಪರಿಣಾಮದ ವರದಿಯ ಸಾರಾಂಶ ತಂದು ಓದಿ. ಕನ್ನಡದಲ್ಲಿ ಇರಲೇಬೇಕು. ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ಸಿಗುತ್ತದೆ. ಗಾಳಿ, ನೀರು ಯಾವ ಊರಲ್ಲಿ ಅಳೆದಿದ್ದಾರೆ ನೋಡಿ. ನಿಮ್ಮ ಊರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದೇ ಮೊದಲ ಆಕ್ಷೇಪ. ಹಳ್ಳದ ಹೆಸರು ನಕ್ಷೆಯಲ್ಲಿ ಇದೆಯಾ ಅಂತಲೂ ನೋಡಿ. ಬಾಯಲ್ಲಿ "ಧೂಳು ಜಾಸ್ತಿ" ಅಂದರೆ ಸಾಲದು. ಸರ್ವೆ ನಂಬರ್, ತಾರೀಖು ಇರುವ ಫೋಟೊ, ಎಕರೆಗೆ ಮೊದಲು ಎಷ್ಟು ಕ್ವಿಂಟಲ್ ಬರುತ್ತಿತ್ತು, ಈಗ ಎಷ್ಟು, ಹೀಗೆ ಬರೆದು ಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಭೆಗೆ ಮುಂಚೆಯೇ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಸಭೆ ಮುಗಿದ ಮೇಲೆ ಎದ್ದು ಬಂದುಬಿಡಬೇಡಿ. ನಡಾವಳಿಯನ್ನು, ಅಂದರೆ ಸಭೆಯಲ್ಲಿ ಆಡಿದ ಮಾತಿನ ದಾಖಲೆಯನ್ನು, ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು ಅಂತ ಪರಿಸರ ಪರಿಣಾಮದ ಬಗೆಗಿನ 2006ರ ಕೇಂದ್ರ ಅಧಿಸೂಚನೆಯಲ್ಲಿದೆ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಆಗಲೇ ಸೇರಿಸಲು ಹೇಳಿ. ಅಹವಾಲಿನ ಆಕ್ಷೇಪಗಳನ್ನು ತಜ್ಞರ ಸಮಿತಿ ಪರಿಶೀಲಿಸಿ ಕಾರಣ ಕೊಡಬೇಕು ಅಂತ ಗೋವಾದ ಗಣಿಯೊಂದರ ಕೇಸಿನಲ್ಲಿ ದೆಹಲಿ ಹೈಕೋರ್ಟು 2009ರಲ್ಲೇ ಹೇಳಿದೆ. ನಡಾವಳಿಯಲ್ಲಿ ಇಲ್ಲದ ಮಾತಿಗೆ ಯಾರು ಕಾರಣ ಕೊಡುತ್ತಾರೆ, ಅಲ್ವಾ?

ಪರಿಸರ ಅನುಮತಿ ಸಿಕ್ಕಿಬಿಟ್ಟರೆ 30 ದಿನದೊಳಗೆ ಎನ್‌ಜಿಟಿಗೆ ಮೇಲ್ಮನವಿ ಹಾಕಬೇಕು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನು 60 ದಿನ ಕೊಡಬಹುದು, ಅದಾದ ಮೇಲೆ ಬಾಗಿಲು ಮುಚ್ಚುತ್ತದೆ. ನಮಗೆ ಚೆನ್ನೈ ಪೀಠ. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಎಷ್ಟೋ ಊರಿನವರು ಈ ದಿನಗಳ ಲೆಕ್ಕ ಗೊತ್ತಿಲ್ಲದೆ ಒಳ್ಳೆಯ ಕೇಸು ಕಳೆದುಕೊಂಡಿದ್ದಾರೆ.

ಸಾರಾಂಶ ಕೈಗೆ ಸಿಕ್ಕಿದ ಮೇಲೆ ಗಾಳಿ, ನೀರು ಅಳೆದ ಜಾಗಗಳ ಪಟ್ಟಿ ಇರುವ ಪುಟವನ್ನು ಇಲ್ಲಿ ಹಾಕಿ. ಒಟ್ಟಿಗೆ ಕೂತು ಓದೋಣ.